ದ್ವಿವರ್ಣ ನೀಲಮಣಿಯ ಖರೀದಿ: ‘ನೈಸರ್ಗಿಕ’ವೆಲ್ಲವೂ ‘ಸಂಸ್ಕರಿಸದ್ದು’ ಅಲ್ಲ

ಚಿನ್ನದ ಶುದ್ಧತೆಯನ್ನು ಹಾಲ್‌ಮಾರ್ಕ್ ಮುದ್ರೆಯಿಂದ ತಿಳಿಯಬಹುದು. ಅದೇ ಒಡವೆಗೆ ಕೂಡಿಸುವ ಹರಳಿನ ಮೇಲೆ ಅಂತಹ ಮುದ್ರೆಯಿರುವುದಿಲ್ಲ. ಹರಳಿನ ಬೆಲೆಯು ಮಾರುವವರ ವಿವರಣೆ, ಪ್ರಯೋಗಾಲಯದ ವರದಿ ಹಾಗೂ ಕೊಳ್ಳುವವರ ತಿಳಿವಳಿಕೆ, ಈ ಮೂರನ್ನು ಅವಲಂಬಿಸಿರುತ್ತದೆ. ಒಂದೇ ಹರಳಿನಲ್ಲಿ ಎರಡು ಬಣ್ಣ ತೋರುವ ನೀಲಮಣಿಯನ್ನು ‘ಸಂಸ್ಕರಿಸದ್ದು’ ಎಂದು ಹೆಚ್ಚಿನ ಬೆಲೆಗೆ ಕೊಳ್ಳುವಾಗ ಈ ಮೂರರಲ್ಲಿ ಒಂದು ತಪ್ಪಿದರೂ ನಷ್ಟ ಖಂಡಿತ.

ಎರಡು ಬಣ್ಣ ಬರುವ ಬಗೆ

ನೀಲಮಣಿಯು ಕುರುಂದವೆಂಬ ಖನಿಜದ ಒಂದು ರೂಪ. ರಾಸಾಯನಿಕವಾಗಿ ಅಲ್ಯುಮಿನಿಯಂ ಆಕ್ಸೈಡ್. ಮೋಸ್ ಮಾಪಕದಲ್ಲಿ ಇದರ ಕಾಠಿಣ್ಯ 9. ಶುದ್ಧ ಕುರುಂದಕ್ಕೆ ಬಣ್ಣವಿಲ್ಲ. ಅತ್ಯಲ್ಪ ಪ್ರಮಾಣದ ಕಬ್ಬಿಣ ಮತ್ತು ಟೈಟಾನಿಯಂ ಜೊತೆಗೂಡಿದಾಗ ನೀಲಿ ಬಣ್ಣ ಬರುತ್ತದೆ. ಭೂಗರ್ಭದಲ್ಲಿ ಹರಳು ಪದರಪದರವಾಗಿ ಬೆಳೆಯುವಾಗ ಇಂತಹ ಅಂಶಗಳ ಪ್ರಮಾಣ ಬದಲಾದರೆ ಒಂದು ಪದರ ನೀಲಿಯಾಗಿಯೂ ಮತ್ತೊಂದು ಹಳದಿಯಾಗಿಯೂ ಉಳಿಯುತ್ತದೆ.

ಶ್ರೀಲಂಕಾದ ರತ್ನಪುರ ಸೀಮೆಯಲ್ಲಿ ‘ಇಲ್ಲಮ್’ ಎಂದು ಕರೆಯುವ ಜಲ್ಲಿ ಪದರದಿಂದ ದೊರೆಯುವ ನೀಲಿ-ಹಳದಿ ಹರಳನ್ನು ಭಾರತದ ಪೇಟೆಯಲ್ಲಿ ‘ಪೀತಾಂಬರಿ’ ಎನ್ನುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಹರಳುಗಳಲ್ಲಿ ಕಬ್ಬಿಣದ ಅಂಶ ಹೆಚ್ಚು. ಅವುಗಳಲ್ಲಿ ನೀಲಿ, ಹಸಿರು, ಹಳದಿ ಒಟ್ಟಿಗೆ ತೋರುತ್ತವೆ ಮತ್ತು ಛಾಯೆ ಗಾಢವಾಗಿರುತ್ತದೆ. ವ್ಯಾಪಾರದಲ್ಲಿ ಇವಕ್ಕೆ ‘ಪಾರ್ಟಿ’ ಹರಳು ಎಂಬ ಹೆಸರಿದೆ.

ಸಂಸ್ಕರಣೆಯ ವಿಧಗಳು

ಹರಳನ್ನು ಕುಲುಮೆಯಲ್ಲಿ ಕಾಯಿಸಿ ಬಣ್ಣ ತಿದ್ದುವುದು ಅತಿ ಸಾಮಾನ್ಯವಾದ ಸಂಸ್ಕರಣೆ. 1970ರ ದಶಕದಲ್ಲಿ ಶ್ರೀಲಂಕಾದ ‘ಗೆವುಡ’ ಎಂಬ ಹಾಲುಬಣ್ಣದ ಅಗ್ಗದ ಹರಳುಗಳನ್ನು ಥಾಯ್ಲೆಂಡಿನಲ್ಲಿ ಅಧಿಕ ತಾಪದಲ್ಲಿ ಕಾಯಿಸಿ ನೀಲಿಯಾಗಿಸುವ ಪದ್ಧತಿ ಬೆಳೆಯಿತು. ಬೆರಿಲಿಯಂ ಧಾತುವನ್ನು ಶಾಖದ ಮೂಲಕ ಹರಳಿನೊಳಕ್ಕೆ ಸೇರಿಸಿ ಹಳದಿ, ಕಿತ್ತಳೆ ಬಣ್ಣ ಬರಿಸುವ ವಿಧಾನವು 2002ರಲ್ಲಿ ಬಯಲಿಗೆ ಬಂದಿತು. ವಿಕಿರಣದಿಂದ ಹಳದಿ ಬರಿಸುವುದೂ ಉಂಟು. ಆ ಬಣ್ಣ ಬಿಸಿಲಿಗೆ ಮಾಸಿಹೋಗುತ್ತದೆ. ಬಿರುಕುಗಳಿಗೆ ಎಣ್ಣೆ ಅಥವಾ ಗಾಜು ತುಂಬುವುದು, ಎರಡು ತುಂಡುಗಳನ್ನು ಅಂಟಿಸಿ ಜೋಡಿ ಹರಳು ಮಾಡುವುದು ಬೇರೆ ವಿಧಗಳು.

ಕಾಯಿಸಿದ ಹರಳನ್ನು ಹಾಗೆಂದು ತಿಳಿಸಿ ಮಾರುವುದು ಧರ್ಮಬದ್ಧ ವ್ಯಾಪಾರವೇ. ತಿಳಿಸದೆ ಮಾರುವುದರಲ್ಲಿ ಮಾತ್ರ ದೋಷವಿದೆ.

ಕೊಳ್ಳುವ ಮೊದಲು ಕಣ್ಣಿನ ಪರೀಕ್ಷೆ

1. ಹರಳನ್ನು ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿಯೂ ಅಂಗಡಿಯ ದೀಪದ ಬೆಳಕಿನಲ್ಲಿಯೂ ನೇರ ಮೇಲಿನಿಂದ ನೋಡಬೇಕು. ಪಕ್ಕದಿಂದ ಎರಡು ಬಣ್ಣ ಕಂಡು, ಮೇಲಿನಿಂದ ಎರಡೂ ಬೆರೆತು ಮಂಕು ಹಸಿರಾಗಿ ಕಂಡರೆ ಒಡವೆಯಲ್ಲಿ ಅದು ದ್ವಿವರ್ಣವಾಗಿ ತೋರದು. ಮೆಟ್ಟಿಲು ಸಾಣೆಯ ಹರಳಿನಲ್ಲಿ ಬಣ್ಣದ ಗಡಿ ಸ್ಪಷ್ಟವಾಗಿ ಉಳಿಯುತ್ತದೆ. ಹಲವು ಮುಖಗಳ ದುಂಡು ಸಾಣೆಯು ಬಣ್ಣಗಳನ್ನು ಬೆರೆಸುತ್ತದೆ.

2. ಬಿಳಿ ಬಟ್ಟಲಿನಲ್ಲಿ ನೀರು ಹಾಕಿ ಹರಳನ್ನು ಮಗುಚಿ ಇಟ್ಟು ಬಣ್ಣದ ಗಡಿಯನ್ನು ಪರಿಶೀಲಿಸಬೇಕು. ಸಹಜ ಬಣ್ಣದ ಪಟ್ಟೆಗಳು ನೇರವಾಗಿ ಅಥವಾ ಕೋನವಾಗಿ, ಹರಳು ಬೆಳೆದ ಕ್ರಮವನ್ನು ಅನುಸರಿಸುತ್ತವೆ. ಹಳದಿ ಬಣ್ಣವು ಸಾಣೆ ಹಿಡಿದ ಹೊರ ಆಕಾರವನ್ನೇ ಅನುಸರಿಸಿ ತೊಗಟೆಯಂತೆ ಸುತ್ತುವರಿದಿದ್ದರೆ ಅಥವಾ ಬಣ್ಣವು ಮುಖಗಳ ಅಂಚಿನಲ್ಲಿ ಮಡುಗಟ್ಟಿದ್ದರೆ ಸಂಶಯಪಡತಕ್ಕದ್ದು. ಬಾಗಿದ ಪಟ್ಟೆಗಳು ಕೃತಕ ಹರಳಿನ ಲಕ್ಷಣ.

3. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಿಂದ ಒಳಗಿನ ಸೂಕ್ಷ್ಮ ಎಳೆಗಳನ್ನು ನೋಡಬೇಕು. ರೇಷ್ಮೆಯಂತಹ ಎಳೆಗಳು ಅಖಂಡವಾಗಿದ್ದರೆ ಅಧಿಕ ತಾಪ ತಗುಲಿಲ್ಲವೆಂಬುದಕ್ಕೆ ಅದೊಂದು ಸೂಚನೆ. ಎಳೆಗಳು ಚುಕ್ಕಿಗಳಾಗಿ ಒಡೆದಿದ್ದರೆ ಅಥವಾ ಒಳಗಿನ ಕಣಗಳ ಸುತ್ತ ತಟ್ಟೆಯಾಕಾರದ ಬಿರುಕು ಕಂಡರೆ ಕಾಯಿಸಿರುವ ಸಾಧ್ಯತೆ ಹೆಚ್ಚು.

4. ಹರಳನ್ನು ಅಡ್ಡಲಾಗಿ ಹಿಡಿದು ಅಂಟಿನ ಗೆರೆ, ಚಪ್ಪಟೆ ಗುಳ್ಳೆಗಳಿವೆಯೇ ಎಂದು ನೋಡಬೇಕು. ಎರಡು ಬಣ್ಣದ ಗಡಿಯೇ ಅಂಟಿನ ಗೆರೆಯಾಗಿರಬಹುದು.

ಇವು ಬೇಡದ ಹರಳನ್ನು ಬದಿಗಿಡಲು ಸಾಕು; ಬೇಕಾದ ಹರಳನ್ನು ಖಚಿತಪಡಿಸಲು ಸಾಲವು. ಬೆರಿಲಿಯಂ ಪತ್ತೆಗೆ ಪ್ರಯೋಗಾಲಯದ ವಿಶೇಷ ಉಪಕರಣಗಳೇ ಬೇಕಾಗುತ್ತವೆ.

ವರದಿಯನ್ನು ಓದುವ ಕ್ರಮ

ಹೆಚ್ಚಿನ ನಷ್ಟವಾಗುವುದು ಈ ಹಂತದಲ್ಲಿ. ವರದಿಯಲ್ಲಿ ‘ನೈಸರ್ಗಿಕ ನೀಲಮಣಿ’ ಎಂದಿದ್ದರೆ ಹರಳು ಭೂಮಿಯಲ್ಲಿ ದೊರೆತದ್ದು, ಕೃತಕವಲ್ಲ ಎಂದಷ್ಟೇ ಅರ್ಥ. ಕಾಯಿಸಿದ ನೈಸರ್ಗಿಕ ಹರಳಿಗೂ ಅದೇ ಹೆಸರು ಸಲ್ಲುತ್ತದೆ. ನೋಡಬೇಕಾದದ್ದು ‘ಸಂಸ್ಕರಣೆ’ ಅಥವಾ ‘ಟಿಪ್ಪಣಿ’ ಎಂಬ ಸಾಲನ್ನು. ಅಲ್ಲಿ ‘ಕಾಯಿಸಿದ ಕುರುಹುಗಳು ಕಂಡುಬಂದಿಲ್ಲ’ ಎಂಬ ಅರ್ಥದ ವಾಕ್ಯವಿರಬೇಕು. ಆ ಸಾಲು ಖಾಲಿಯಿದ್ದರೆ ಹರಳು ಸಂಸ್ಕರಿಸದ್ದೆಂದು ಊಹಿಸಕೂಡದು. ಕಡಿಮೆ ತಾಪದಲ್ಲಿ ಕಾಯಿಸಿದ್ದನ್ನು ಗುರುತಿಸುವುದು ಪರಿಣತರಿಗೂ ಕಷ್ಟವಾದ್ದರಿಂದ ಇಂತಹ ವಾಕ್ಯವನ್ನು ಪರೀಕ್ಷಕರ ಅಭಿಪ್ರಾಯವೆಂದು ತಿಳಿಯಬೇಕೇ ಹೊರತು ಜಾಮೀನೆಂದಲ್ಲ. ವರದಿಯ ತೂಕ, ಅಳತೆಗಳನ್ನು ಕೈಯಲ್ಲಿರುವ ಹರಳಿನೊಂದಿಗೆ ತಾಳೆ ನೋಡುವುದೂ ಅಗತ್ಯ.

ಲೆಕ್ಕ ಮತ್ತು ಕಾನೂನು

ಲೆಕ್ಕಕ್ಕಾಗಿ ಒಂದು ಉದಾಹರಣೆ. ಇವು ಪೇಟೆ ಧಾರಣೆಗಳಲ್ಲ. 3 ಕ್ಯಾರೆಟ್‌ನ ಹರಳನ್ನು ಸಂಸ್ಕರಿಸದ್ದೆಂದು ಕ್ಯಾರೆಟ್‌ಗೆ ರೂ. 40,000ದಂತೆ ರೂ. 1,20,000ಕ್ಕೆ ಕೊಂಡು, ಅದು ಕಾಯಿಸಿದ್ದೆಂದು ನಂತರ ತಿಳಿದು, ಕ್ಯಾರೆಟ್‌ಗೆ ರೂ. 15,000 ಮಾತ್ರ ಬರುವುದಾದರೆ ಅದರ ಮೌಲ್ಯ ರೂ. 45,000. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ಬೆಲೆ ಅಥವಾ ನಿವ್ವಳವಾಗಿ ಕೈಸೇರಬಹುದಾದ ಮೌಲ್ಯ, ಇವುಗಳಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅಂದರೆ ಹರಳು ಪೆಟ್ಟಿಗೆಯಲ್ಲೇ ಇದ್ದರೂ ರೂ. 75,000 ನಷ್ಟವನ್ನು ಆ ವರ್ಷದಲ್ಲೇ ಒಪ್ಪಿಕೊಳ್ಳಬೇಕಾಗುತ್ತದೆ. ಒಂದರಂತೆ ಇನ್ನೊಂದಿಲ್ಲದ ಇಂತಹ ಸರಕಿಗೆ ಸರಾಸರಿ ಬೆಲೆ ಹಿಡಿಯುವಂತಿಲ್ಲ. ಪ್ರತಿ ಹರಳಿನ ತೂಕ, ವರದಿ ಸಂಖ್ಯೆ, ಅಸಲು ಬೆಲೆಗಳನ್ನು ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆಯತಕ್ಕದ್ದು.

1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮಿನಂತೆ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿಕೆಯಾಗಬೇಕೆಂಬುದು ಒಪ್ಪಂದದ ಅಂತರ್ಗತ ಷರತ್ತು. ಆದ್ದರಿಂದ ಬಿಲ್ಲಿನಲ್ಲಿ ಬರಿದೇ ‘ನೀಲ’ ಎಂದು ಬರೆಸಿಕೊಳ್ಳದೆ ‘ನೈಸರ್ಗಿಕ ದ್ವಿವರ್ಣ ನೀಲಮಣಿ, ಕಾಯಿಸಿಲ್ಲ, ಯಾವುದೇ ಸಂಸ್ಕರಣೆ ಇಲ್ಲ’ ಎಂದು ತೂಕದ ಸಮೇತ ಬರೆಸಿಕೊಳ್ಳಬೇಕು. ಸಾಧ್ಯವಾದರೆ ಜಾಂಗಡ್ ಚೀಟಿಯ ಮೇಲೆ ಹರಳನ್ನು ಪಡೆದು, ಪರೀಕ್ಷೆ ಮುಗಿದ ಮೇಲೆ ಹಣ ಪಾವತಿಸುವುದು ಕ್ಷೇಮ. ಒಮ್ಮೆ ಒಪ್ಪಿಕೊಂಡು ಒಡವೆಗೆ ಕೂಡಿಸಿದ ಮೇಲೆ ಸರಕನ್ನು ತಿರಸ್ಕರಿಸುವುದು ಕಷ್ಟ. ಸಾಮಾನ್ಯವಾಗಿ ಪರಿಹಾರ ಕೇಳುವುದಷ್ಟೇ ಉಳಿಯುತ್ತದೆ. ಇದೇ ನಿಯಮವು ಆ ವರ್ತಕರು ಗ್ರಾಹಕರಿಗೆ ಕೊಡುವ ಬಿಲ್ಲಿಗೂ ಅನ್ವಯಿಸುತ್ತದೆ.

ಅಕ್ಕಸಾಲಿಗರ ಕೈಯಲ್ಲಿ

ಸಂಸ್ಕರಿಸದ ಹರಳನ್ನು ಕೊಂಡ ಮೇಲೆಯೂ ಎಚ್ಚರ ತಪ್ಪಬಾರದು. ಬೆಸುಗೆಯ ಕೆಲಸವೆಲ್ಲ ಮುಗಿದ ನಂತರವೇ ಹರಳನ್ನು ಕೂಡಿಸಬೇಕು. ಬಿಸಿಯಾದ ಬಿಳಿಗಾರವು ಕುರುಂದದ ಮೈಯನ್ನು ಕೊರೆಯಬಲ್ಲದು; ಉರಿಯ ಶಾಖಕ್ಕೆ ಹಳದಿ ಭಾಗದ ಬಣ್ಣ ಬದಲಾಗಲೂಬಹುದು. ರಿಪೇರಿಗೆ ಬಂದ ಒಡವೆಯಿಂದ ಹರಳನ್ನು ಬಿಡಿಸಿಯೇ ಕೆಲಸ ಮಾಡುವಂತೆ ಸೂಚಿಸತಕ್ಕದ್ದು.

ಪರೀಕ್ಷೆಯ ಶುಲ್ಕವನ್ನು ಖರ್ಚೆಂದು ಭಾವಿಸಿ ಉಳಿಸಲು ಹೋಗುವವರು ಮೇಲಿನ ಉದಾಹರಣೆಯ ರೂ. 75,000ವನ್ನು ನೆನಪಿನಲ್ಲಿಡುವುದು ಒಳಿತು. ವರದಿಯ ಒಂದು ಸಾಲು, ಬಿಲ್ಲಿನ ಒಂದು ಸಾಲು, ದಾಸ್ತಾನು ಪುಸ್ತಕದ ಒಂದು ಸಾಲು, ಈ ಮೂರೂ ಒಂದೇ ಮಾತನ್ನು ಹೇಳುವಂತಿದ್ದರೆ ಮಾತ್ರ ‘ಸಂಸ್ಕರಿಸದ್ದು’ ಎಂಬುದಕ್ಕೆ ಹೆಚ್ಚಿನ ಬೆಲೆ ಕೊಡಬಹುದು.