ಅಜ್ಜನಿಗೆ ಸಿಟ್ಟು ಬಂದರೆ?

ಇಬ್ಬರು ಅರ್ಜಿದಾರರ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಬ್ಬನಿಗೆ ಓದಿನಲ್ಲಿ 7.5, ಆಲಿಸುವುದರಲ್ಲಿ 7, ಬರವಣಿಗೆಯಲ್ಲಿ 5.5, ಮಾತಿನಲ್ಲಿ 5.5. ಕೂಡಿ ನಾಲ್ಕರಿಂದ ಭಾಗಿಸಿದರೆ 6.375. ಹತ್ತಿರದ ಅರ್ಧಕ್ಕೆ ತಂದರೆ 6.5. ಇನ್ನೊಬ್ಬಳಿಗೆ ಓದಿನಲ್ಲೂ ಆಲಿಸುವುದರಲ್ಲೂ 6, ಬರವಣಿಗೆ ಮತ್ತು ಮಾತಿನಲ್ಲಿ 6.5. ಸರಾಸರಿ 6.25. ನಿಯಮದ ಪ್ರಕಾರ ಅದೂ ಮೇಲಕ್ಕೆ ಸರಿದು 6.5 ಆಗುತ್ತದೆ. ಒಟ್ಟು ಅಂಕ ಇಬ್ಬರದೂ ಒಂದೇ. ಆದರೆ ಅಕ್ಟೋಬರಿನ ಮೊದಲ ಸೆಮಿನಾರಿನಲ್ಲಿ ಇವರಿಬ್ಬರ ಪಾಡು ಒಂದೇ ಆಗಿರುವುದಿಲ್ಲ.

ಇಂಗ್ಲೆಂಡಿನ ಉತ್ತರ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕೋರ್ಸು ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ನಡೆಯುವ ಆರು ವಾರದ, ಹತ್ತು ವಾರದ ತರಗತಿಗಳಿಗೆ ಇಲ್ಲಿ ಪ್ರಿ-ಸೆಷನಲ್ ಎನ್ನುತ್ತಾರೆ. ಒಟ್ಟು ಅಂಕ ಸಾಕಾಗಿದ್ದರೂ ಯಾವುದೋ ಒಂದು ಭಾಗದಲ್ಲಿ ಹಿಂದೆ ಬಿದ್ದವರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಬಹುಪಾಲು ಚೀನಾದವರು. ಒಂದು ವರ್ಷದ ಎಂಎಸ್‌ಸಿಗೆ, ಅದರಲ್ಲೂ ಅಕೌಂಟಿಂಗ್, ಫೈನಾನ್ಸ್, ಮಾರ್ಕೆಟಿಂಗ್ ಓದಲು ಬರುವವರು. ಅವರ ಭಾಷೆಯನ್ನು ಅಳೆದು, ಕಲಿಸಿ, ಕೊನೆಗೆ ಮತ್ತೆ ಅಳೆದು ವಿಭಾಗಗಳಿಗೆ ಕಳಿಸುವುದು ನಮ್ಮ ಕೆಲಸ. ಪದವಿ ಮಟ್ಟದ ಓದಿಗೆ ವೀಸಾ ಕೇಳುವುದು ಬಿ2 ಎಂಬ ಭಾಷಾ ಮಟ್ಟವನ್ನು. ಅದನ್ನು ತಾನೇ ಪರೀಕ್ಷಿಸಿ ಖಚಿತಪಡಿಸುವ ಅಧಿಕಾರ ಇಲ್ಲಿನ ವಿಶ್ವವಿದ್ಯಾಲಯಗಳಿಗಿದೆ. ಹಾಗಾಗಿ ನಾವು ಹಾಕುವ ಸಹಿಗೆ ತೂಕವಿದೆ.

2020ರ ಫೆಬ್ರವರಿಯಲ್ಲಿ ಕೋವಿಡ್‌ನಿಂದಾಗಿ ಚೀನಾದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಈ ಕೆಲಸದ ರೂಪವೇ ಬದಲಾಯಿತು. ಅಂಕಪಟ್ಟಿಯೇ ಇಲ್ಲದ ಅರ್ಜಿಗಳು ಬಂದವು. ಮನೆಯಲ್ಲೇ ಕೂತು ಬರೆಯುವ ಡ್ಯುಯೊಲಿಂಗೊ ಪರೀಕ್ಷೆಯನ್ನು ಅನೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡವು. ನಾವು ಅದರ ಜೊತೆಗೆ ವಿಡಿಯೊ ಸಂದರ್ಶನ ಆರಂಭಿಸಿದೆವು. ಕಾಗದದ ಮೇಲಿನ ಸಂಖ್ಯೆಯ ಮೂಲಕವಷ್ಟೇ ನೋಡುತ್ತಿದ್ದ ಮಕ್ಕಳ ಮುಖ ಅವರು ದಾಟುವ ಹೊಸ್ತಿಲಿನಲ್ಲೇ ನೋಡಲು ಸಿಕ್ಕಿದ್ದು ಆಗ.

ಆ ಮುಖಗಳ ಹಿಂದೆ ಎಂಥ ಓದು ಇದೆ ಎಂಬುದನ್ನು ತಿಳಿಯದೆ ಅವರ ಇಂಗ್ಲಿಷನ್ನು ಅಳೆಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೂನ್ 7ಕ್ಕೆ ಶುರುವಾಗುವ, ವಿಶ್ವವಿದ್ಯಾಲಯ ಪ್ರವೇಶದ ಗಾವ್‌ಕಾವ್ ಚೀನಾದ ಪ್ರತಿ ಮನೆಯ ಉಸಿರು ಹಿಡಿಸುವ ಪರೀಕ್ಷೆ. ಹೆಚ್ಚಿನ ಪ್ರಾಂತ್ಯಗಳಲ್ಲಿ ಅದು ಒಟ್ಟು 750 ಅಂಕದ್ದು, ಇಂಗ್ಲಿಷಿಗೆ 150. ಅದರಲ್ಲಿ ಆಲಿಸುವುದಕ್ಕೆ 30 ಇದ್ದರೆ ಉಳಿದದ್ದು ಓದು, ವ್ಯಾಕರಣ, ಬರವಣಿಗೆ. ಬೀಜಿಂಗ್, ಗುವಾಂಗ್‌ಡಾಂಗ್‌ನಂಥ ಕಡೆ ಕಂಪ್ಯೂಟರ್ ಮುಂದೆ ಮಾತಾಡಿಸುವ ಪರೀಕ್ಷೆ ಬಂದಿದೆ, ನಿಜ. ಆದರೆ ಬಹಳಷ್ಟು ಪ್ರಾಂತ್ಯಗಳ ಹುಡುಗ ಹುಡುಗಿಯರು ಬಾಯಿ ಬಿಟ್ಟು ಒಂದು ವಾಕ್ಯ ಆಡದೆಯೂ ಇಂಗ್ಲಿಷಿನಲ್ಲಿ 140 ತೆಗೆಯಬಲ್ಲರು. ಐವತ್ತು ಮಂದಿಯ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದನ್ನು ವರ್ಷಗಟ್ಟಲೆ ಬರೆದು ಬರೆದು ಕಲಿತ ಭಾಷೆ ಅದು. ನಾನೂ ಹಾವೇರಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಿಂದ ಬಂದವಳು. ಪಿಯುಸಿಯ ಮೊದಲ ವರ್ಷವಿಡೀ ಪಾಠ ಅರ್ಥವಾಗುತ್ತಿದ್ದರೂ ಬಾಯಿ ಏಳುತ್ತಿರಲಿಲ್ಲ. ಬರೆಯಬಲ್ಲವರು ಆಡಲಾರದೆ ಕೂರುವುದು ಎಂಥ ಸಂಕಟ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಕೋಚಿಂಗ್. 1993ರಲ್ಲಿ ಯು ಮಿನ್‌ಹಾಂಗ್ ಬೀಜಿಂಗ್‌ನಲ್ಲಿ ಶುರು ಮಾಡಿದ ನ್ಯೂ ಓರಿಯೆಂಟಲ್ ಶಾಲೆ ವಿದೇಶಿ ಪರೀಕ್ಷೆಗಳ ತರಬೇತಿಯನ್ನೇ ದೊಡ್ಡ ಉದ್ಯಮವನ್ನಾಗಿ ಬೆಳೆಸಿತು. ಇಂದು ಊರೂರಿನಲ್ಲಿ ಅಂಥ ಕೇಂದ್ರಗಳಿವೆ. ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯ ಪ್ರಶ್ನೆಗಳು ಜನವರಿ, ಮೇ, ಸೆಪ್ಟೆಂಬರ್ ಎಂದು ನಾಲ್ಕು ತಿಂಗಳಿಗೊಮ್ಮೆ ಬದಲಾಗುತ್ತವೆ. ಪರೀಕ್ಷೆ ಮುಗಿಸಿ ಹೊರಬಂದವರು ತಮಗೆ ಬಂದ ಪ್ರಶ್ನೆಗಳನ್ನು ನೆನಪಿನಿಂದ ಹೇಳುತ್ತಾರೆ. ಅವೆಲ್ಲ ಒಟ್ಟುಗೂಡಿ ಜೀಜಿಂಗ್ ಎಂಬ ಸಂಗ್ರಹಗಳಾಗಿ ಕೈಯಿಂದ ಕೈಗೆ ಹೋಗುತ್ತವೆ. ಪರೀಕ್ಷೆಯ ಎರಡನೇ ಭಾಗದಲ್ಲಿ ಒಂದು ಕಾರ್ಡು ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಪ್ರತಿ ಕಾರ್ಡಿಗೂ ಒಂದೊಂದು ಕಥೆ ಕಟ್ಟುವುದು ಕಷ್ಟವಾದ್ದರಿಂದ ಹತ್ತಾರು ಕಾರ್ಡುಗಳಿಗೆ ಹೊಂದುವ ಒಂದೇ ಕಥೆಯನ್ನು ಹೆಣೆದುಕೊಳ್ಳುವ ವಿದ್ಯೆ ಅಲ್ಲಿ ಬೆಳೆದಿದೆ. ಚಹಾ ಮಾಡುವುದನ್ನು ಕಲಿಸಿದ ಅಜ್ಜನ ಕಥೆ ಸಿದ್ಧವಿದ್ದರೆ, ನೀವು ಮೆಚ್ಚುವ ವ್ಯಕ್ತಿ ಯಾರು ಎಂದಾಗಲೂ ಅದು ನಡೆಯುತ್ತದೆ, ಕಲಿತ ಕೌಶಲ ಯಾವುದು ಎಂದಾಗಲೂ ನಡೆಯುತ್ತದೆ, ನಿಮ್ಮ ಊರಿನ ಸಂಪ್ರದಾಯ ಹೇಳಿ ಎಂದಾಗಲೂ ನಡೆಯುತ್ತದೆ.

ಚಾಂಗ್‌ಶಾ ನಗರದ ಒಬ್ಬ ಹುಡುಗಿ ವಿಡಿಯೊ ಸಂದರ್ಶನದಲ್ಲಿ ಇದೇ ಅಜ್ಜನ ಕಥೆಯನ್ನು ನನಗೆ ಹೇಳಿದಳು. ನಾನು ಕೇಳಿದ್ದು ಈ ಕೋರ್ಸನ್ನು ಯಾಕೆ ಆರಿಸಿಕೊಂಡಿರಿ ಎಂದು. ಉತ್ತರದ ಎರಡನೇ ವಾಕ್ಯಕ್ಕೇ ಅಜ್ಜ ಬಂದರು. ಮಾತು ಸರಾಗವಾಗಿತ್ತು, ತೂಕದ ಶಬ್ದಗಳಿದ್ದವು. ಆದರೆ ದನಿಯಲ್ಲಿ ಏರಿಳಿತವಿರಲಿಲ್ಲ. ಅರ್ಥ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲದೆ, ಉಸಿರು ಎಲ್ಲಿ ಮುಗಿಯಿತೋ ಅಲ್ಲಿ ನಿಲ್ಲುತ್ತಿತ್ತು. ಬಾಯಿಪಾಠದ ಗುರುತು ಇದೇ. ಕಥೆ ಮುಗಿಯುವವರೆಗೂ ಕೇಳಿದೆ. ಆಮೇಲೆ, "ನಿಮ್ಮ ಅಜ್ಜನಿಗೆ ಸಿಟ್ಟು ಬಂದರೆ ಏನು ಮಾಡುತ್ತಿದ್ದರು?" ಅಂದೆ.

ಅವಳು ಗಕ್ಕನೆ ನಿಂತಳು. ಕಣ್ಣು ಮೇಲಕ್ಕೆ ಹೋಯಿತು. "ಟೀಚರ್, ಸಿಟ್ಟು ಅಂದರೆ... ನನ್ನ ಮೇಲೋ, ಅಜ್ಜಿಯ ಮೇಲೋ?" ಎಂದು ಕೇಳಿದಳು. ಅಜ್ಜಿಯ ಮೇಲೆ ಅಂದೆ. ಆಗ ಹೊರಟಿತು ನೋಡಿ ಅವಳ ಸ್ವಂತ ಇಂಗ್ಲಿಷ್. ಕಾಲ ತಪ್ಪಿತ್ತು, ಅಜ್ಜಿ ಎರಡು ಸಲ ಗಂಡಸಾದರು, ಒಂದು ಪದ ಸಿಗದೆ ಕೈಯಲ್ಲೇ ತೋರಿಸಿದಳು. ಅಜ್ಜ ಸಿಟ್ಟಾದರೆ ಬಾಲ್ಕನಿಗೆ ಹೋಗಿ ಹೂಕುಂಡಗಳಿಗೆಲ್ಲ ನೀರು ಹಾಕುತ್ತಿದ್ದರಂತೆ. ಹಾಗಾಗಿ ಗಿಡಗಳು ಕೊಳೆತು ಹೋಗುತ್ತಿದ್ದವಂತೆ. ಹೇಳುತ್ತಾ ಅವಳೇ ನಕ್ಕಳು. ನಾನು ಅಂಕ ಕೊಟ್ಟಿದ್ದು ಆ ಭಾಗಕ್ಕೆ. ಅದಕ್ಕಿಂತ ಹೆಚ್ಚಾಗಿ, ನನ್ನ ಪ್ರಶ್ನೆಯನ್ನೇ ನನಗೆ ತಿರುಗಿಸಿ ಸ್ಪಷ್ಟ ಮಾಡಿಕೊಂಡಳಲ್ಲ, ಆ ಒಂದು ಮರುಪ್ರಶ್ನೆಗೆ.

ವರ್ಷಗಳ ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಅದು. ವಿಶ್ವವಿದ್ಯಾಲಯದಲ್ಲಿ ಉಳಿದುಕೊಳ್ಳಲು ಬೇಕಾದ ಇಂಗ್ಲಿಷ್ ಎಂದರೆ, ಅರ್ಥವಾಗದ ಕಡೆ ತಡೆದು ಕೇಳುವ ಇಂಗ್ಲಿಷ್. ಉಪನ್ಯಾಸಕರು ಹೇಳಿದ್ದು ಅರ್ಧ ತಲುಪಿದಾಗ, ಗುಂಪಿನ ಕೆಲಸದಲ್ಲಿ ತನ್ನ ಪಾಲು ಯಾವುದು ಎಂದು ಗೊತ್ತಾಗದಾಗ, ಪ್ರಬಂಧದ ಮಾರ್ಗದರ್ಶಕರು ಬರೆದ ಟಿಪ್ಪಣಿ ಒಗಟಾದಾಗ ಕೇಳಬಲ್ಲವರು ದಡ ಸೇರುತ್ತಾರೆ. 7 ಅಂಕ ತಂದವರೂ ಕೇಳದೆ ಮುಳುಗುವುದನ್ನು ನೋಡಿದ್ದೇನೆ. ಪ್ರಚಲಿತ ಪರೀಕ್ಷೆಗಳಲ್ಲಿ ಇದಕ್ಕೆ ಜಾಗ ಬಹಳ ಕಡಿಮೆ. ಎಲ್ಲರನ್ನೂ ಒಂದೇ ಅಳತೆಯಲ್ಲಿ ತೂಗಬೇಕಾದ್ದರಿಂದ ಐಇಎಲ್‌ಟಿಎಸ್ ಪರೀಕ್ಷಕರ ಪ್ರಶ್ನೆಗಳು ಬಹುಮಟ್ಟಿಗೆ ಗೊತ್ತುಮಾಡಿದವು. ಟೊಫೆಲ್ ಐಬಿಟಿ ಎಂಬ ಇನ್ನೊಂದು ಪರೀಕ್ಷೆಯಲ್ಲಂತೂ ಎದುರಿಗೆ ಮನುಷ್ಯರೇ ಇಲ್ಲ, ಮೈಕ್ ಇದೆ. ಮೈಕಿಗೆ ಮರುಪ್ರಶ್ನೆ ಹಾಕಲಾಗದು.

ಬಾಯಿಪಾಠವನ್ನು ಮೋಸವೆಂದು ಕರೆಯುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಪಾಠವನ್ನು ಕಂಠಸ್ಥ ಮಾಡಿ, ಮನಸ್ಸಿನಲ್ಲಿ ಇಳಿಸಿಕೊಂಡು, ಆಮೇಲೆ ನಿಧಾನವಾಗಿ ತನ್ನದಾಗಿಸಿಕೊಳ್ಳುವುದು ಚೀನಾದಲ್ಲಿ ಬಹಳ ಹಳೆಯ ಕ್ರಮ. ಮಗ್ಗಿ, ವಚನ, ಅಮರಕೋಶ ಬಾಯಿಪಾಠ ಮಾಡಿದ ನಮ್ಮಲ್ಲೂ ಅದು ಹೊಸದಲ್ಲ. ಆ ಹುಡುಗಿ ಕಲಿತ ಅಜ್ಜನ ಕಥೆಯ ಅರ್ಧ ಶಬ್ದಗಳು ಸಿಟ್ಟಿನ ಅಜ್ಜನನ್ನು ವರ್ಣಿಸುವಾಗಲೂ ಅವಳ ಕೈಗೆ ಸಿಕ್ಕಿದವು. ಪರೀಕ್ಷಿಸುವವರು ಮಾಡಬೇಕಾದ್ದು ಇಷ್ಟೇ: ಸಿದ್ಧ ಮಾತು ಮುಗಿಯುವವರೆಗೆ ಗೌರವದಿಂದ ಕೇಳಿ, ಅಲ್ಲಿಂದ ಒಂದು ಹೆಜ್ಜೆ ಆಚೆಗೆ ಕರೆದುಕೊಂಡು ಹೋಗುವುದು.

ಮೌನದ ವಿಷಯವನ್ನೂ ಹೇಳಬೇಕು. ಪ್ರಶ್ನೆ ಕೇಳಿ ಎರಡು ಮೂರು ಸೆಕೆಂಡು ಉತ್ತರ ಬಾರದಿದ್ದರೆ ಇಂಗ್ಲಿಷರಿಗೆ ಚಡಪಡಿಕೆ. ಸಹಾಯ ಮಾಡುವ ಮನಸ್ಸಿನಿಂದಲೇ ಅದೇ ಪ್ರಶ್ನೆಯನ್ನು ಬೇರೆ ಶಬ್ದಗಳಲ್ಲಿ ಕೇಳುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಕೂಡಿಸುತ್ತಿದ್ದ ಹುಡುಗ ಈಗ ಎರಡನೆಯದನ್ನೂ ಬಿಡಿಸಬೇಕು. ಮೂರನೆಯದು ಬರುವ ಹೊತ್ತಿಗೆ ಅವನು ಕೈಚೆಲ್ಲಿರುತ್ತಾನೆ. ಹಾಳೆಯ ಮೇಲೆ 'ಆಲಿಸುವ ಶಕ್ತಿ ಕಡಿಮೆ' ಎಂಬ ಷರಾ ಬೀಳುತ್ತದೆ. ಹೊಸದಾಗಿ ಸೇರುವ ಶಿಕ್ಷಕರಿಗೆ ನಾನು ಮೊದಲು ಹೇಳುವುದು, ಒಂದೇ ಸಲ ಕೇಳಿ ಸುಮ್ಮನೆ ಕಾಯಿರಿ ಎಂದು. ವಿಡಿಯೊದಲ್ಲಿ ದನಿ ತಲುಪಲು ಹಿಡಿಯುವ ಹೊತ್ತನ್ನೂ ಸೇರಿಸಿ ಕಾಯಬೇಕು.

ಯಾವ ತಪ್ಪನ್ನು ಎಣಿಸಬೇಕು ಎನ್ನುವುದು ಇನ್ನೊಂದು ಕಗ್ಗಂಟು. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ನಿನ್ನೆ, ನಾಳೆ ಎಂಬ ಮಾತುಗಳೇ ಕಾಲವನ್ನು ಹೊರುತ್ತವೆ. ಅವನು, ಅವಳು, ಅದು ಮೂರಕ್ಕೂ ಮ್ಯಾಂಡರಿನ್‌ನಲ್ಲಿ ಆಡುವಾಗ ಉಚ್ಚಾರ ಒಂದೇ. ಆದ್ದರಿಂದ ಅಸ್ಖಲಿತವಾಗಿ ಇಂಗ್ಲಿಷ್ ಆಡುವ ಚೀನೀಯರೂ ಒಮ್ಮೊಮ್ಮೆ ಅಮ್ಮನನ್ನು 'ಹೀ' ಅನ್ನುತ್ತಾರೆ. ಅದು ಕಲಿಕೆಯ ಕೊರತೆಯ ಸೂಚನೆಯೇನಲ್ಲ. ಸಿಚುವಾನ್, ಹುನಾನ್ ಕಡೆಯ ಅನೇಕರಿಗೆ ನಕಾರ, ಲಕಾರ ಒಂದರೊಳಗೊಂದು ಬೆರೆಯುತ್ತವೆ. 'ನೈಟ್' ಎನ್ನುವುದು 'ಲೈಟ್' ಆಗಿ ಕೇಳಿಸುತ್ತದೆ. ಇವುಗಳಲ್ಲಿ ಕೇಳುವವರ ದಾರಿ ತಪ್ಪಿಸುವುದು ಯಾವುದು, ಕಿವಿಗೆ ಒರಟಾದರೂ ಅರ್ಥ ಕೆಡಿಸದ್ದು ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಬಿಟ್ಟುಹೋದ ಒಂದು 'ದಿ'ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಪ್ರಯೋಗ ಮುಗಿದಿದೆಯೋ ಇನ್ನು ಮಾಡಬೇಕಿದೆಯೋ ಎಂಬುದೇ ತಿಳಿಯದಂತೆ ಕಾಲ ಕಲಸಿದ್ದರೆ ಅದು ದೊಡ್ಡ ತೊಡಕು, ಎಂಜಿನಿಯರಿಂಗ್ ಲ್ಯಾಬಿನಲ್ಲಿ ಅಪಾಯ ಕೂಡ.

ಇಲ್ಲಿ ಅಳೆಯುವವರ ಕಿವಿಯನ್ನೂ ಅಳೆಯಬೇಕಾಗುತ್ತದೆ. ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ಡ, ಕ, ಪ ಇಂಥ ವ್ಯಂಜನ ನಿಲ್ಲುವುದಿಲ್ಲ. ಹಾಗಾಗಿ ಚೀನೀ ವಿದ್ಯಾರ್ಥಿಗಳು ಇಂಗ್ಲಿಷ್ ಪದಗಳ ತುದಿಗೆ ಸಣ್ಣದೊಂದು ಸ್ವರ ಸೇರಿಸಿಬಿಡುತ್ತಾರೆ. ಬಸ್ಸು, ಕಾರು, ಬ್ಯಾಂಕು ಅನ್ನುತ್ತಾ ಬೆಳೆದ ನನ್ನ ಕಿವಿಗೆ ಅದು ತಟ್ಟುವುದೇ ಇಲ್ಲ. ಪಕ್ಕದಲ್ಲಿ ಕೂತ ಸಹೋದ್ಯೋಗಿ ಅದೇ ಮಾತು ಅರ್ಥವಾಗದೆ ಅರ್ಧ ಅಂಕ ಕಳೆದಿರುತ್ತಾರೆ. ಚೀನೀ ಉಚ್ಚಾರಕ್ಕೆ ವರ್ಷಗಳಿಂದ ಒಗ್ಗಿದವರು ಉದಾರಿಗಳಾಗುತ್ತಾರೆ, ಹೊಸಬರು ಬಿಗಿ ಹಿಡಿಯುತ್ತಾರೆ. ಭಾಷಾ ಪರೀಕ್ಷೆಯ ಸಂಶೋಧಕರು ಹಿಂದಿನಿಂದಲೂ ಗಮನಿಸುತ್ತಾ ಬಂದ ಸಂಗತಿ ಇದು. ಈ ಮಕ್ಕಳಿಗೆ ಪಾಠ ಹೇಳುವವರು, ಗುಂಪಿನಲ್ಲಿ ಜೊತೆಗೂಡುವವರು ನಮ್ಮಂತೆ ಕಿವಿ ಪಳಗಿದವರಲ್ಲ. ಹಾಗಾಗಿ ಪ್ರತಿ ಬೇಸಿಗೆಯ ಮೊದಲಿಗೆ ನಾವೆಲ್ಲ ಒಟ್ಟಿಗೆ ಕೂತು ಒಂದೇ ಧ್ವನಿಮುದ್ರಣಗಳನ್ನು ಕೇಳಿ, ಬೇರೆ ಬೇರೆಯಾಗಿ ಅಂಕ ಹಾಕಿ, ವ್ಯತ್ಯಾಸ ಎಲ್ಲಿ ಬಂತು ಎಂದು ವಾದ ಮಾಡುತ್ತೇವೆ. ಆ ಮಧ್ಯಾಹ್ನಗಳು ಬೇಸರ ಹಿಡಿಸುತ್ತವೆ, ಆದರೂ ಬಿಡಬಾರದು.

ಬರವಣಿಗೆಯಲ್ಲೂ ಹೀಗೆಯೇ ಒಂದು ಹೆಜ್ಜೆ ಆಚೆ ಹೋಗಬೇಕಾಯಿತು. ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎಂಬಂಥ ವಿಷಯ ಕೊಟ್ಟರೆ, ಸಮಾಜ ಶರವೇಗದಲ್ಲಿ ಬೆಳೆಯುತ್ತಿರುವ ಈ ದಿನಗಳಲ್ಲಿ ಎಂದು ಶುರುವಾಗುವ ಒಂದೇ ಅಚ್ಚಿನ ಪ್ರಬಂಧಗಳು ಬರುತ್ತಿದ್ದವು. ಈಗ ಪರಸ್ಪರ ಒಪ್ಪದ ಎರಡು ಸಣ್ಣ ಲೇಖನಗಳನ್ನು ಕೊಟ್ಟು, ಇವರಿಬ್ಬರೂ ಎಲ್ಲಿ ಬೇರಾಗುತ್ತಾರೆ, ಯಾರ ಆಧಾರ ಗಟ್ಟಿಯಾಗಿದೆ ಎಂದು ಬರೆಸುತ್ತೇವೆ. ಅಚ್ಚು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದು ತಂದದ್ದರಿಂದ ಭಾಷೆಯನ್ನು ಅಳೆಯುವುದು ಅಸಾಧ್ಯವಾಗಿದೆ. ಹಾಗಾಗಿ ಬರೆದವರನ್ನೇ ಕೂರಿಸಿಕೊಂಡು ಈ ಮಾತನ್ನು ಇಲ್ಲಿ ಯಾಕೆ ಹೇಳಿದಿರಿ ಎಂದು ಐದು ನಿಮಿಷ ಮಾತಾಡಿಸುವುದು ನಮ್ಮ ಪದ್ಧತಿ. ಸ್ವಂತ ಬರೆದವರು ಆ ಐದು ನಿಮಿಷವನ್ನು ಸಂತೋಷದಿಂದ ಬಳಸುತ್ತಾರೆ.

ಸೀಟು ತುಂಬಬೇಕೆಂಬ ಒತ್ತಡ ಇಲ್ಲವೆನ್ನಲಾರೆ. ವಿದೇಶಿ ವಿದ್ಯಾರ್ಥಿಗಳ ಶುಲ್ಕ ಇಲ್ಲಿನ ವಿಶ್ವವಿದ್ಯಾಲಯಗಳ ದೊಡ್ಡ ಆದಾಯ. ಬ್ರಿಟನ್ನಿನಲ್ಲಿ ಓದುವ ಚೀನೀಯರೇ ಸುಮಾರು 1.5 ಲಕ್ಷ. ಇವರನ್ನೂ ದಾಟಿಸಿಬಿಡಿ, ಆಮೇಲೆ ಹೇಗೋ ಕಲಿಯುತ್ತಾರೆ ಎಂಬ ಮಾತು ವಿಭಾಗಗಳಿಂದ ಬರುತ್ತದೆ. ಒಂದು ವರ್ಷದ ಕೋರ್ಸಿನಲ್ಲಿ ಆಮೇಲೆ ಎಂಬ ಕಾಲವೇ ಇರುವುದಿಲ್ಲ. ಕ್ರಿಸ್‌ಮಸ್ ರಜೆ ಮುಗಿಯುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಇವರಲ್ಲಿ ಹೆಚ್ಚಿನವರು ಒಂದೇ ಮಗುವಿನ ನೀತಿಯ ಕಾಲದಲ್ಲಿ ಹುಟ್ಟಿದ ಮನೆಗೊಬ್ಬ ಮಗ, ಮನೆಗೊಬ್ಬಳು ಮಗಳು. ಅಪ್ಪ ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿಯರ ಉಳಿತಾಯ ಆ ಶುಲ್ಕದಲ್ಲಿದೆ. ಸಿದ್ಧರಾಗದವರನ್ನು ದಾಟಿಸುವುದು ದಯೆಯಲ್ಲ ಎಂದು ನಾನು ಪ್ರತಿ ಸಭೆಯಲ್ಲೂ ಹೇಳಿದ್ದೇನೆ. ಅಂಕ ಕೊಂಚ ಕಡಿಮೆಯಿದ್ದರೂ ಕೇಳಿ ಕಲಿಯಬಲ್ಲವರನ್ನು ತಡೆಯಬಾರದು ಎಂದೂ ಅಷ್ಟೇ ಜೋರಾಗಿ ಹೇಳಿದ್ದೇನೆ.

ಈಗ ನಮ್ಮಲ್ಲಿ ಪ್ರತಿ ಅಂಕದ ಕೆಳಗೆ ಎರಡು ಮೂರು ಸಾಲಿನ ಟಿಪ್ಪಣಿ ಬರೆಯುತ್ತೇವೆ. ಅರ್ಥವಾಗದಾಗ ಕೇಳುತ್ತಾರೆಯೇ, ಯಾವ ಬಗೆಯ ಮಾತು ತಲುಪುವುದಿಲ್ಲ, ಬರವಣಿಗೆಯಲ್ಲಿ ಯಾವ ಸಹಾಯ ಬೇಕು ಎಂದು. ಚಾಂಗ್‌ಶಾದ ಹುಡುಗಿಯ ಹಾಳೆಯಲ್ಲಿ, ತಾನಾಗಿ ಮರುಪ್ರಶ್ನೆ ಕೇಳುತ್ತಾರೆ, ಕಾಲದ ಬಳಕೆಗೆ ವಾರಕ್ಕೊಮ್ಮೆ ಪಾಠ ಬೇಕು ಎಂದು ಬರೆದಿದ್ದೆ. ಸೆಪ್ಟೆಂಬರ್ ಕೊನೆಯಲ್ಲಿ ಆ ಟಿಪ್ಪಣಿಗಳು ವಿಭಾಗಗಳಿಗೆ ಹೋಗುತ್ತವೆ. ಕೆಲವು ಉಪನ್ಯಾಸಕರು ಅವನ್ನು ಓದಿ ಮೊದಲ ವಾರವೇ ಫೋನ್ ಮಾಡುತ್ತಾರೆ. ಉಳಿದವರ ಕೊಠಡಿಗೆ ನಾನೇ ಹೋಗುತ್ತೇನೆ.