ಮೊದಲ ವಾರದ ಫೋನು

ಜರ್ಮನಿಗೆ ಓದಲು ಹೊರಟಿದ್ದೀಯ, ಪುಟ್ಟಿ. ಹುಳಿಪುಡಿ, ಚಟ್ನಿಪುಡಿಯ ಚಿಂತೆ ನಿಮ್ಮಮ್ಮನಿಗಿರಲಿ. ಮಗನ ಮನೆಗೆಂದು ಹೋಗಿ ಆ ದೇಶದಲ್ಲಿ ಇದ್ದು ಬಂದ ನಿನ್ನ ದೊಡ್ಡಪ್ಪನದು ಬೇರೆ ಮಾತು.

ಶನಿವಾರ ಸಂಜೆಯೊಳಗೆ ಹಾಲು, ಬ್ರೆಡ್ಡು, ತರಕಾರಿ ತಂದಿಟ್ಟುಕೋ. ಭಾನುವಾರ ಅಂಗಡಿ ತೆರೆಯುವಂತಿಲ್ಲ ಅಂತ ಅಲ್ಲಿ ಕಾನೂನೇ ಇದೆ. ದೊಡ್ಡ ರೈಲ್ವೆ ಸ್ಟೇಷನ್ನು, ಪೆಟ್ರೋಲ್ ಬಂಕು ಇಂಥ ಕಡೆ ಏನಾದರೂ ಸಿಕ್ಕೀತು, ಅಷ್ಟೇ. ರಾತ್ರಿ ಹತ್ತಕ್ಕೂ ಅಂಗಡಿಯವನ ಬಾಗಿಲು ತಟ್ಟಿ ಮೊಸರು ತರುವ ನರಸೀಪುರದವಳು ನೀನು. ಮೊದಲ ಭಾನುವಾರ ಬೀದಿಗಳು ಜಾತ್ರೆ ಮುಗಿದ ನಂಜನಗೂಡಿನ ರಥಬೀದಿಯ ಹಾಗೆ ಬಿಕೋ ಅಂದಾವು. ರೂಮಿನಲ್ಲಿ ಕೂತು ಕೊರಗಬೇಡ. ಪಾರ್ಕಿಗೋ ಹೊಳೆದಂಡೆಗೋ ನಡಿ, ಊರಿಗೆ ಊರೇ ಅಲ್ಲಿರುತ್ತದೆ.

ಇನ್ನು ಜನ. ನಂಜನಗೂಡಲ್ಲಿ ನರಸೀಪುರದ ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ನಾವು ಯಾರ ಮನೆಯವರು, ಎಷ್ಟು ಮಕ್ಕಳು, ಮಗಳಿಗೆ ಗಂಡು ಗೊತ್ತಾಯಿತೇ, ಎಲ್ಲ ಪಕ್ಕದ ಸೀಟಿಗೆ ವರದಿಯಾಗಿರುತ್ತದೆ. ಅಲ್ಲಿ ಟ್ರಾಮಿನಲ್ಲಿ ತುಟಿಪಿಟಕ್ಕೆನ್ನರು. ಅದೇ ಜನ ಡಾಕ್ಟರ ಕ್ಲಿನಿಕ್ಕಿಗೆ ಬಂದರೆ ಕಾಯುತ್ತ ಕೂತ ಗುರುತಿಲ್ಲದವರಿಗೆಲ್ಲ ‘ಗೂಟನ್ ಟಾಗ್’ ಹೇಳಿಯೇ ಕುರ್ಚಿ ಹಿಡಿಯುತ್ತಾರೆ! ಇದು ಗೊತ್ತಾಗಲು ನಿನಗೆ ಒಮ್ಮೆ ನೆಗಡಿಯಾದರೂ ಬರಬೇಕು. ಅದಕ್ಕೇ ಹೇಳುವುದು, ಮೊದಲ ವಾರವೇ ಫೋನು ಮಾಡಿ ‘ಇಲ್ಲಿ ಯಾರೂ ಮಾತೇ ಆಡಲ್ಲಮ್ಮ’ ಅಂದುಬಿಡಬೇಡ. ನಾಲ್ಕು ತಿಂಗಳಲ್ಲಿ ನಿನ್ನ ಅಭಿಪ್ರಾಯ ಬದಲಾಗಿರುತ್ತದೆ. ನಿಮ್ಮಮ್ಮ ಮಾತ್ರ ಅದೇ ಮಾತು ಹಿಡಿದು ನಿದ್ದೆಗೆಡುತ್ತಿರುತ್ತಾಳೆ, ಬೀದಿಯವರಿಗೂ ಹೇಳಿ ಮುಗಿಸಿರುತ್ತಾಳೆ.

ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ವಾರ ಕಳೆದರೆ ಕಣ್ಣಿಗೆ ಎಲ್ಲ ಮಾಮೂಲಾಗಿಬಿಡುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿನ್ನ ಪುಸ್ತಕ ನೀನೊಬ್ಬಳು ಓದಿಕೊಂಡರೂ ಸಾಕು.

ಖಾಲಿ ನೀರಿನ ಬಾಟಲಿ ಎಸೆಯಬೇಡ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಸೂಪರ್‌ಮಾರ್ಕೆಟ್ಟಿನ ಯಂತ್ರದ ಬಾಯಿಗೆ ತೂರಿಸಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ನಮ್ಮ ಕಾಲದಲ್ಲಿ ಕೂಲ್‌ಡ್ರಿಂಕ್ಸ್ ಮನೆಗೆ ಒಯ್ಯಬೇಕಾದರೆ ಅಂಗಡಿಯವನ ಹತ್ತಿರ ಶೀಶೆಯ ದುಡ್ಡು ಇಟ್ಟೇ ಹೋಗಬೇಕಿತ್ತು, ನನಗೇನೂ ಬೆರಗಾಗಲಿಲ್ಲ. ಬೆರಗಾದದ್ದು ಬೇರೆಯದಕ್ಕೆ. ಸ್ಟೇಷನ್ನಿನಲ್ಲಿ ಕೆಲವರು ಬಾಟಲಿಯನ್ನು ಕಸದ ಡಬ್ಬಿಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಕೋಟು ತೊಟ್ಟ ಮುದುಕರೊಬ್ಬರು ಬಂದು ಆರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಶ್ರೀಮಂತ ದೇಶ ಅಂತ ಊರಲ್ಲಿ ಎಲ್ಲರೂ ಹೇಳಿ ಕಳಿಸುತ್ತಾರಲ್ಲ, ಇದನ್ನೂ ನೋಡು.

ಹಾಂ, ಮನೆ ಸೇರಿದ ಎರಡು ವಾರದೊಳಗೆ ಅಲ್ಲಿಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರ ಸಹಿ ಇರುವ ಕಾಗದ ಕೇಳುತ್ತಾರೆ, ಬೀಗದಕೈ ಇಸಕೊಳ್ಳುವಾಗಲೇ ಅದನ್ನೂ ಇಸಕೋ.