ಮಾಕಳಿದುರ್ಗದ ಕಡತ ಯಾರ ಬಳಿ?

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆ ಹೋಗುವ ರೈಲು ಮಾಕಳಿದುರ್ಗ ಬೆಟ್ಟದ ಬುಡದಲ್ಲೇ ಸಾಗುತ್ತದೆ. ಇಲ್ಲಿನ ನಿಲ್ದಾಣದ ಕಾಮಗಾರಿ ಕಡತ ಇರುವುದು ನೈಋತ್ಯ ರೈಲ್ವೆಯಲ್ಲಿ. ಕಾಡಿನ ಗಡಿ ಅರಣ್ಯ ಇಲಾಖೆಯದು, ಗೋಮಾಳದ ಪಹಣಿ ತಾಲ್ಲೂಕು ಕಚೇರಿಯದು, ಚರಂಡಿಯ ಬಿಲ್ಲು ಪಂಚಾಯಿತಿಯದು. ಅರ್ಜಿ ತಪ್ಪು ಕಚೇರಿಗೆ ಹೋದರೂ ‘ನಮ್ಮದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಮಿನಂತೆ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು.

ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಈಗ ನಡೆಯುವುದು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಾದ ಕೇಂದ್ರ ಕಾಯ್ದೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕನ್ನಡದಲ್ಲೇ ಬರೆಯಬಹುದು, ಕಾರಣ ಹೇಳಬೇಕಿಲ್ಲ.

ರಾಜ್ಯದ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಕಿರಿಕಿರಿಯೇ ಸರಿ. ಆದರೆ ‘ಚರಂಡಿ ಯಾಕೆ ಕಳಪೆ?’ ಎಂದು ಜಗಳಕ್ಕೆ ನಿಂತರೆ ಉತ್ತರ ಹುಟ್ಟುವುದಿಲ್ಲ. ‘ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ದೃಢೀಕೃತ ನಕಲು ಕೊಡಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಬೇಕು. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆದಿರುತ್ತಾರೆ. ಟೇಪು ಹಿಡಿದರೆ ಬಂಡವಾಳ ಬಯಲು. ಕಾಮಗಾರಿ ಪರಿಶೀಲಿಸಿ ಸಿಮೆಂಟು, ಜಲ್ಲಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ 2(ಜೆ) ಕಲಮಿನಲ್ಲಿದೆ. ಇದನ್ನು ಬಳಸುವವರು ಕಡಿಮೆ.

ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ರೈಲ್ವೆ ವಿಷಯವಾದರೆ ದೆಹಲಿಯ ಕೇಂದ್ರ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ತಡವಾದ ಮಾಹಿತಿಯನ್ನು ಪುಕ್ಕಟೆ ಕೊಡಬೇಕು.

‘ಕಡತ ಲಭ್ಯವಿಲ್ಲ’ ಎಂಬುದು ಹಳೇ ಪಲ್ಲವಿ. ಮಾಹಿತಿ ನಿರಾಕರಿಸಲು ಕಾಯ್ದೆ ಪಟ್ಟಿ ಮಾಡಿರುವ ಕಾರಣಗಳಲ್ಲಿ ಕಡತ ಕಳೆದುಹೋಗಿರುವುದು ಸೇರಿಲ್ಲ. ಹಿಂದೆ ಇದ್ದ ದಾಖಲೆ ಈಗ ಸಿಗದಿದ್ದರೆ ಹುಡುಕಿಸಿ, ಹೊಣೆ ಗೊತ್ತುಮಾಡಬೇಕೆಂದು ದೆಹಲಿ ಹೈಕೋರ್ಟ್ 2013ರಲ್ಲಿ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿದೆ. ಸಾರ್ವಜನಿಕ ದಾಖಲೆಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 2010ರ ಕಾಯ್ದೆ ಇದೆ.

ಹೊಸ ತೊಡಕು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯದು. ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿದ್ದ ಸಾರ್ವಜನಿಕ ಹಿತದ ಷರತ್ತನ್ನು ಕಿತ್ತು, ವೈಯಕ್ತಿಕ ಮಾಹಿತಿಯನ್ನೆಲ್ಲ ವಿನಾಯಿತಿಗೆ ಸೇರಿಸಿತು. ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಫಲಾನುಭವಿಗಳ ಪಟ್ಟಿ ಕೇಳಿದವರಿಗೆ ಇದೇ ನೆಪ ಎದುರಾಗಬಹುದು. ಆದರೆ 8(2)ನೇ ಕಲಮು ಉಳಿದಿದೆ: ಸಾರ್ವಜನಿಕ ಹಿತ ಹೆಚ್ಚಿದ್ದರೆ ವಿನಾಯಿತಿಯ ಮಾಹಿತಿಯನ್ನೂ ಕೊಡಬಹುದು. ಮೇಲ್ಮನವಿಯಲ್ಲಿ ಆ ಕಲಮಿನ ಸಂಖ್ಯೆ ಬರೆದು, ಖರ್ಚಾಗಿರುವುದು ಸರ್ಕಾರದ ದುಡ್ಡು ಎಂಬುದನ್ನು ಒಂದೆರಡು ಸಾಲಿನಲ್ಲಿ ತೋರಿಸಬೇಕು.